ಸರ್ವರ್ ಹಣೆಯ ಬೊಟ್ಟು

"ಸೀರಿಯಲ್ ನಂಬರ್ ಹೇಳಿ ಸರ್, ಅದಿಲ್ದೆ ಕಂಪ್ಲೇಂಟ್ ತಗೊಳಕ್ಕಾಗಲ್ಲ," ಎಂದು ಸರ್ವರ್ ಕಂಪನಿಯ ಹುಡುಗಿ ಫೋನಿನಲ್ಲಿ ಮೂರನೇ ಸಲ ಹೇಳಿದಳು. ಯಶವಂತಪುರದ ನಮ್ಮ ಗೋದಾಮಿನ ಸರ್ವರ್ ಕೆಟ್ಟು ನಿಂತಿತ್ತು. ಬಿಲ್ ಬಾರದೆ ಲಾರಿಗಳು ಗೇಟಿನಲ್ಲೇ ಹಾರ್ನ್ ಹೊಡೆಯುತ್ತಿದ್ದವು. ಸರ್ವರ್ ನೋಡಿಕೊಳ್ಳಬೇಕಾದ ನಾನು ಮೊಣಕಾಲೂರಿ, ಟಾರ್ಚ್ ಹಿಡಿದು, ಅದರ ಮೈಗೆ ಅಂಟಿಸಿದ್ದ ನಂಬರಿನ ಚೀಟಿಯನ್ನೇ ದಿಟ್ಟಿಸುತ್ತಿದ್ದೆ. ಅದರ ಮೇಲೆ ಹಲವು ಆಯುಧಪೂಜೆಗಳ ಅರಿಶಿನ, ಕುಂಕುಮ, ಗಂಧ ಗಾರೆಯಂತೆ ಗಟ್ಟಿಯಾಗಿ ಕೂತಿತ್ತು. ಇಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಬೊಟ್ಟಿಡಲು ಬೇರೆ ಜಾಗವೇ ಸಿಗಲಿಲ್ಲವೇ ಎಂದು, ವರ್ಷವೂ ಪೂಜೆ ಮಾಡುವ ನಮ್ಮ ಆಫೀಸಿನ ಆಯಾ ಗೌರಮ್ಮನವರ ಮೇಲೆ ರೇಗಿದೆ.

"ನೀವೆಲ್ಲಾ ಬಂದ್ ಬಂದ್ ಅಲ್ಲೇ ಬಗ್ಗಿ ನೋಡ್ತೀರಲ್ಲ ಸಾರ್, ಅದೇ ಅದ್ರ ಮುಖ ಅಂದ್ಕೊಂಡೆ," ಎಂದ ಅವರು, ತೆಂಗಿನೆಣ್ಣೆ ಅದ್ದಿದ ಹತ್ತಿಯಿಂದ ಮಗುವಿನ ಕೆನ್ನೆ ಒರೆಸುವಂತೆ ಚೀಟಿ ಒರೆಸಿದರು. ಅಂಕಿಗಳು ಒಂದೊಂದಾಗಿ ಕಣ್ಣುಬಿಟ್ಟವು.

ಅಂದೇ ಆ ನಂಬರನ್ನು ಕಾಗದದಲ್ಲಿ ದಪ್ಪಗೆ ಬರೆದು ಸರ್ವರ್ ಕೋಣೆಯ ಬಾಗಿಲಿಗೆ ಅಂಟಿಸಿದೆ. ಈ ಸಲದ ಪೂಜೆಯಲ್ಲಿ ಗೌರಮ್ಮ ಸರ್ವರ್ ಮುಟ್ಟಲೇ ಇಲ್ಲ. ಆ ಕಾಗದದ ಮೂಲೆಗೆ, ಅಂಕಿಗಳಿಗೆ ತಾಗದಂತೆ, ಪುಟ್ಟ ಬೊಟ್ಟಿಟ್ಟರು. ವಾರದೊಳಗೆ ಸರ್ವರ್ ಮತ್ತೆ ಕೆಟ್ಟಿತು. ನಂಬರ್ ತಕ್ಷಣ ಸಿಕ್ಕಿತು. ಆದರೆ ಗೌರಮ್ಮ ಬೊಟ್ಟಿಲ್ಲದ ಸರ್ವರನ್ನೂ ನನ್ನನ್ನೂ ನೋಡಿದ ನೋಟಕ್ಕೆ, ನಾನೇ ಕುಂಕುಮದ ಬಟ್ಟಲು ತಂದು ಅವರ ಕೈಗಿಟ್ಟೆ.