ಜೀಬ್ರಾ ಪಟ್ಟೆ ಮತ್ತು ಎರಡು ಗಳ ಕಬ್ಬು

"ಮುಧೋಳಕ್ಕ ಬರ್ತೀರೇನ್ರಿ ಆಯಿ? ಮುಂದಿನ ಸೀಟ್ ಖಾಲಿ ಐತಿ!"

ಮೊನ್ನೆ ಗುರುವಾರ ಸಂಜೆ ನಾಲ್ಕಕ್ಕೆ ಟಂಟಂ ಆಟೋ ಒಂದು ನನ್ನ ಕಾಲಬೆರಳಿನ ಮುಂದೆ ಬ್ರೇಕ್ ಹಾಕಿ ಹೀಗೆ ಕೇಳಿತು. (ಕೇಳಿದ್ದು ಡ್ರೈವರ್. ಆದರೆ ಅಷ್ಟು ಜನ ತುಂಬಿದ್ದರೆ ಗಾಡಿಯೇ ಮಾತಾಡಿದಂತೆ ಅನಿಸುತ್ತದೆ.) ನನಗೆ ಮುಧೋಳಕ್ಕೆ ಹೋಗಬೇಕಿರಲಿಲ್ಲ. ನನಗೆ ಬೇಕಾಗಿದ್ದು ಎದುರಿನ ಮನೆ.

ಅದು ಶಾಂತಕ್ಕನ ಮನೆ. ಮೂವತ್ತು ವರ್ಷ ನಾಲ್ಕು ಗಂಟೆಯ ಚಹಾ ನಾವಿಬ್ಬರೂ ಕೂಡಿಯೇ ಕುಡಿದವರು. ಒಂದು ದಿನ ಅವಳಲ್ಲಿ, ಒಂದು ದಿನ ನಮ್ಮಲ್ಲಿ. ಜಮಖಂಡಿಯ ನಮ್ಮ ರಸ್ತೆ ಆಗ ಎಷ್ಟಿತ್ತು? ಅವಳು ಒಗ್ಗರಣೆ ಹಾಕಿದರೆ ನಾನು ಸೀನುತ್ತಿದ್ದೆ. ಈಗ ರೋಡ್ ಅಗಲವಾಗಿದೆ. ನನಗೆ ಮೊಣಕಾಲಿನ ಆಪರೇಷನ್ ಆಗಿದೆ. ಮೇಲೆ ಕಬ್ಬಿನ ಸೀಸನ್, ರಸ್ತೆ ತುಂಬ ಫ್ಯಾಕ್ಟರಿಗೆ ಹೋಗುವ ಟ್ರ್ಯಾಕ್ಟರುಗಳು. ಎರಡು ತಿಂಗಳಿಂದ ದಿನಾ ನಾಲ್ಕಕ್ಕೆ ಗೇಟಿನಲ್ಲಿ ನಿಂತು ಅವಳಿಗೆ ಕೈ ಬೀಸುವುದಷ್ಟೇ ನಮ್ಮ ಭೇಟಿ. ಅವಳ ಕಣ್ಣಿಗೆ ಪೊರೆ ಬಂದಿದೆ, ಕಾಣುತ್ತದೋ ಇಲ್ಲವೋ!

ಮಗ ಅಂದ: "ಫೋನಿನ್ಯಾಗ ಮಾತಾಡವಾ. ಏನ್ ಫರಕ್ ಬೀಳ್ತೈತಿ?"

ಬೀಳುತ್ತದಪ್ಪಾ. ಇವತ್ತು ದಾಟದವಳು ನಾಳೆಯೂ ದಾಟುವುದಿಲ್ಲ. ಆಮೇಲೆ ಚಹಾ ಫೋನಿನಲ್ಲೇ ಆಗುತ್ತದೆ. ಹಾಗಾಗಿ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಹೊರಟೆ.

ನಮ್ಮ ರಸ್ತೆಗೆ ಈಚೆಗೆ ಜೀಬ್ರಾ ಪಟ್ಟೆ ಬಳಿದಿದ್ದಾರೆ. ಬೆಳಗಾವಿಯ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಅಂಗಳದಲ್ಲಿ ಸುಣ್ಣದಿಂದ ಇಂಥದೇ ಪಟ್ಟೆ ಎಳೆದು ಕಲಿಸಿದ್ದರು: ಲುಕ್ ರೈಟ್, ಲುಕ್ ಲೆಫ್ಟ್, ಲುಕ್ ರೈಟ್ ಅಗೇನ್. ಆಮೇಲೆ ಅಂಗೈ ಎತ್ತಿ ತೋರಿಸಬೇಕು, ಗಾಡಿಯವರು ನಿಲ್ಲುತ್ತಾರೆ. ನಡೆಯುವವರದೇ ರೈಟ್ ಆಫ್ ವೇ, ದಾರಿಯ ಹಕ್ಕು! (ಗಾಡಿಯಾಗಿ ಓಡಿ ಬರುತ್ತಿದ್ದವಳು ನಮ್ಮ ಕ್ಲಾಸಿನ ಮೇರಿ. ಪಾಪ, ಅವಳು ಯಾವಾಗಲೂ ನಿಲ್ಲುತ್ತಿದ್ದಳು.)

ನಾನು ಹಾಗೇ ಅಂಗೈ ಎತ್ತಿದೆ. ಬಂದು ನಿಂತದ್ದು ಆ ಮುಧೋಳದ ಟಂಟಂ. ನಮ್ಮ ಕಡೆ ರಸ್ತೆ ಬದಿಗೆ ಕೈ ಎತ್ತಿದವರು ಸೀಟು ಕೇಳುವವರೇ ಹೊರತು ದಾರಿ ಕೇಳುವವರಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ.

"ಬರೂದಿಲ್ಲಪ್ಪಾ, ದಾಟಬೇಕು."

"ದಾಟಾಕ ಕೈ ಯಾಕ್ ಮಾಡ್ತೀರಿ? ಸುಮ್ಮ ದಾಟ್ರಿ!" ಎಂದು ಹೋದ.

ಮತ್ತೆ ಎತ್ತಿದೆ. ಈ ಸಲ ಬಸ್ಸು. ಕಂಡಕ್ಟರ್ ಬಾಗಿಲು ತೆಗೆದ. "ಲಗೂ ಹತ್ರಿ ಅಮ್ಮಾರ!"

"ಹತ್ತೂದಿಲ್ಲ."

"ಹಂಗಾರ ನಿಲ್ಲಿಸಿದ್ಯಾಕ್ರಿ?"

ಇಡೀ ಬಸ್ಸು ಕಿಟಕಿಯಿಂದ ನನ್ನನ್ನೇ ನೋಡಿತು. ಹೌ ಎಂಬರಾಸಿಂಗ್! ನಿಂತಾಗಲೇ ದಾಟಬಹುದಿತ್ತಲ್ಲ ಅನ್ನುತ್ತೀರಾ? ಬಸ್ಸಿನ ಆಚೆಯಿಂದ ಬೈಕುಗಳು ಸುಂಯ್ ಸುಂಯ್ ಅಂತ ನುಗ್ಗುತ್ತಿದ್ದವು.

ಅಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರ್ ಕಾಣಿಸಿತು. ಹಿಂದೆ ಎರಡು ಟ್ರೇಲರ್, ಊರಿಗೆಲ್ಲ ಕೇಳುವ ಹಾಡು. ಇದು ನನಗಾಗಿ ನಿಲ್ಲುವುದುಂಟೇ? ಅರ್ಧ ಎತ್ತಿದ್ದ ಕೈ ಇಳಿಸಿ ಮನೆಯ ಕಡೆ ತಿರುಗಿದೆ. ಸುಳ್ಳು ಯಾಕೆ, ಕಣ್ಣು ತುಂಬಿದ್ದವು.

ಹಿಂದೆ ಹಾಡು ನಿಂತಿತು.

"ಕಬ್ಬ ಬೇಕೇನ್ರಿ ಆಯಿ?"

ಹೋಗುವ ಟ್ರ್ಯಾಕ್ಟರಿಗೆ ಕಬ್ಬು ಕೇಳಿದರೆ ನಮ್ಮಲ್ಲಿ ಇಲ್ಲ ಅನ್ನುವವರಿಲ್ಲ. ಡ್ರೈವರ್ ಆಗಲೇ ಜಿಗಿದು ಇಳಿದು, ಟ್ರೇಲರಿನಿಂದ ಎರಡು ಗಳ ಎಳೆದು ನನ್ನ ಕೈಗೆ ಕೊಟ್ಟ.

"ನನಗ ಹಲ್ಲಿಲ್ಲೋ ತಮ್ಮಾ. ರೋಡ್ ದಾಟಬೇಕಾಗಿತ್ತು."

"ಅಷ್ಟನಾ? ಬರ್ರಿ ಮತ್ತ!" ಎಂದವನೇ ನಡುರಸ್ತೆಗೆ ಹೋಗಿ ನಿಂತ. ಆಚೆ ಕಡೆಯಿಂದ ಬರುತ್ತಿದ್ದ ಬೈಕಿನವನಿಗೆ ಕೂಗಿದ: "ನಿಲ್ಲಲೇ! ಆಯಿ ಬರಾಕತ್ತಾರ, ಕಾಣೂದಿಲ್ಲೇನು?"

ಬೈಕು ನಿಂತಿತು. ಅದರ ಹಿಂದೆ ಲಾರಿ ನಿಂತಿತು. ಒಂದು ಗಳ ಊರಿಕೊಂಡು, ಇನ್ನೊಂದನ್ನು ಕಂಕುಳಲ್ಲಿ ಇರುಕಿಕೊಂಡು, ಒಂದೊಂದೇ ಬಿಳಿ ಪಟ್ಟೆ ಎಣಿಸುತ್ತ ಹೋದೆ. ನನ್ನ ಮದುವೆಯ ಮೆರವಣಿಗೆಯಲ್ಲೂ ಅಷ್ಟು ಗತ್ತಿನಿಂದ ನಡೆದಿರಲಿಲ್ಲ.

ಗೇಟಿನಲ್ಲಿ ಶಾಂತಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. "ಯಾರದು, ಕಬ್ಬ ಹಿಡಕೊಂಡ ಬಂದವರು?"

"ನಾನ ಬೇ."

"ಅಯ್ಯ, ನೀ ಏನ? ದಿನಾ ಗೇಟಿನ್ಯಾಗ ನಿಂತು ಕೈ ಮಾಡ್ತಿದ್ದಿ. ಬಸ್ಸಿಗಿ ಮಾಡ್ತಿ ಅನಕೊಂಡಿದ್ನಿ!"

ನಕ್ಕೂ ನಕ್ಕೂ ಚಹಾ ಆರಿಹೋಯಿತು. ಮತ್ತೆ ಕಾಯಿಸಿದಳು. ಕಬ್ಬು ಅವಳ ಮೊಮ್ಮಕ್ಕಳ ಪಾಲಾಯಿತು.

ಗುರುವಾರದಿಂದ ದಿನಾ ಹೀಗೇ ಹೋಗುತ್ತಿದ್ದೇನೆ. ಪಟ್ಟೆಯ ಮೇಲೆ ನಿಲ್ಲುತ್ತೇನೆ, ಟಂಟಂ, ಬಸ್ಸುಗಳನ್ನು ಬಿಟ್ಟು ಟ್ರ್ಯಾಕ್ಟರಿಗೇ ಕೈ ಮಾಡುತ್ತೇನೆ, ಕಬ್ಬು ಕೇಳುತ್ತೇನೆ, ದಾಟುತ್ತೇನೆ. ಸಿಸ್ಟರ್ ಕಲಿಸಿದ ರೂಲ್ ತಪ್ಪಲ್ಲ. ಆದರೆ ನಮ್ಮ ಜನ ಹಕ್ಕಿಗೆ ನಿಲ್ಲುವುದಿಲ್ಲ, ಬೇಡಿದರೆ ಎರಡು ಟ್ರೇಲರ್ ಸಮೇತ ನಿಲ್ಲುತ್ತಾರೆ.

ಇನ್ನೇನು ಬೇಸಿಗೆ ಬಂತು, ಕಬ್ಬಿನ ಸೀಸನ್ ಮುಗಿಯುತ್ತದೆ. ಆಮೇಲೆ ಏನು ಬೇಡಿ ರಸ್ತೆ ದಾಟಲಿ, ಹೇಳಿ?