ಎಡಗಡೆಯ ದ್ವಾರಪಾಲಕ

ನಮ್ಮೂರಿನ ಗುಂಡಯ್ಯ ನಾಟಕದಲ್ಲಿ ರಾಜನಾಗಲಿಲ್ಲ, ಮಂತ್ರಿಯೂ ಆಗಲಿಲ್ಲ. ಮೀಸೆ ಬರುವ ಮೊದಲಿನಿಂದಲೂ ಅವನದು ಒಂದೇ ಪಾತ್ರ, ಅರಮನೆ ಬಾಗಿಲ ಎಡಗಡೆ ನಿಲ್ಲುವ ದ್ವಾರಪಾಲಕ.

ಹೇಮಾವತಿ ಅಣೆಕಟ್ಟೆಯ ನೀರಿನಲ್ಲಿ ಹಳೆಯೂರು ಮುಳುಗಿದಾಗ ಜನ ದಿಕ್ಕಿಗೊಬ್ಬರಾದರು. ಅರಕಲಗೂಡಿನ ಆಚೆ ಜಮೀನು ಸಿಕ್ಕ ನಾವು ಈ ಹೊಸೂರು ಕಟ್ಟಿಕೊಂಡೆವು. ದೇವರನ್ನು ತಂದೆವು, ವರ್ಷಕ್ಕೊಮ್ಮೆ ಆಡುವ ನಾಟಕವನ್ನೂ ತಂದೆವು. ಹಳೆಯೂರಿನ ಕಟ್ಟಳೆಯೂ ಜೊತೆಗೇ ಬಂತು: ಯಾವ ಬೀದಿಯ ಪಾತ್ರ ಆ ಬೀದಿಗೇ. ಮೇಲಿನ ಬೀದಿಯವನಾದ ನನಗೆ ರಾಜನ ಪಾತ್ರ. ಗಂಟಲು ನೆಟ್ಟಗಿಲ್ಲದಿದ್ದರೂ ಯಾರೂ ಕೇಳುವಂತಿಲ್ಲ. ಇಬ್ಬರು ದ್ವಾರಪಾಲಕರು ಕೆರೆಬೀದಿಯವರು. ಆ ಬೀದಿಯಿಂದ ಇಲ್ಲಿಗೆ ಬಂದವನು ಗುಂಡಯ್ಯ ಒಬ್ಬನೇ. ಬಲಗಡೆಯ ಚಿಕ್ಕಯ್ಯ ಚನ್ನರಾಯಪಟ್ಟಣದ ಕಡೆ ಹೋಗಿ ನೆಲೆಸಿದ; ನಾಟಕಕ್ಕೆ ಮಾತ್ರ ವರ್ಷವೂ ತಪ್ಪದೆ ಬರುತ್ತಿದ್ದ.

ಗುಂಡಯ್ಯ ಮದುವೆಯಾಗಲಿಲ್ಲ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಸೌದೆ ಒಟ್ಟುತ್ತಾ, ಬೆಂಕಿ ಕಾಯುತ್ತಾ ಆಯಸ್ಸು ಕಳೆದ. ಕೇಳಿದರೆ ಒಂದು ಮಾತು, ಇಲ್ಲದಿದ್ದರೆ ಅದೂ ಇಲ್ಲ. ಶಿವರಾತ್ರಿ ಕಳೆದು ನಾಟಕ ಹತ್ತಿರ ಬಂತೆಂದರೆ ಮಾತ್ರ ದಿನಾ ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಕೂರುತ್ತಿದ್ದ. ಚಿಕ್ಕಯ್ಯ ಬಸ್ಸಿಳಿದನೋ, ಇವನ ಬಾಯಿಗೆ ಬೀಗವಿಲ್ಲ. ಕೆರೆಬೀದಿಯ ಮನೆ, ಕೋಳಿ, ನಾಯಿ, ಒಂದನ್ನೂ ಬಿಡದೆ ಇಬ್ಬರೂ ನೆನೆಯುತ್ತಿದ್ದರು.

ಹೋದ ಮಳೆಗಾಲದಲ್ಲಿ ಚಿಕ್ಕಯ್ಯ ತೀರಿಕೊಂಡ.

"ಬಲಗಡೆಗೆ ನನ್ ಮೊಮ್ಮಗಳು ಅನುಶ್ರೀನ ನಿಲ್ಲಿಸಾನ ಕಣ್ಲಾ, ಚೂಟಿಯಾಗವ್ಳೆ," ಅಂದೆ.

"ಆ ಜಾಗ ಕೆರೆಬೀದೀದು ದೇವರಾಜಣ್ಣ," ಅಂದ ಗುಂಡಯ್ಯ. "ಅಂಗೇ ಇರ್ಲಿ ಬುಡು."

ಕಟ್ಟಳೆಯ ದಯೆಯಿಂದಲೇ ರಾಜನಾದವನು ನಾನು. ಆ ಜಾಗ ಖಾಲಿಯೇ ಬಿಟ್ಟೆವು.

ಈ ಸಲವೂ ಸಂಜೆಗೇ ಪರದೆ ಎದ್ದಿತು. ಎಡಗಡೆ ಗುಂಡಯ್ಯ, ಬಲಗಡೆ ಚಿಕ್ಕಯ್ಯನ ಭರ್ಜಿಯೊಂದೇ ಒರಗಿತ್ತು.

"ಒಳಗೆ ಯಾರಿದ್ದಾರೆ?" ಎಂದು ಕೇಳಿದ ಗುಂಡಯ್ಯ ರೂಢಿಯಂತೆ ಉತ್ತರಕ್ಕೆ ಕಾದ. ಹಾರ್ಮೋನಿಯಂ ನಿಂತಿತು. ಆಮೇಲೆ ಮೆಲ್ಲಗೆ ರಂಗ ದಾಟಿ ಬಲಗಡೆಗೆ ಹೋಗಿ, ಭರ್ಜಿ ಹಿಡಿದು, ಚಿಕ್ಕಯ್ಯನ ಗೊಗ್ಗರು ದನಿಯಲ್ಲೇ "ಮಹಾರಾಜರಿದ್ದಾರೆ" ಅಂದ. ಎಡಗಡೆಗೆ ಬಂದು "ಹೊರಗೆ ಯಾರಿದ್ದಾರೆ?" ಎಂದು ಕೇಳಿದ. ಮತ್ತೆ ಬಲಗಡೆಗೆ ನಡೆದು ಹೇಳಿದ: "ನಾವಿಬ್ಬರೇ."

ಜನ ಬಿದ್ದು ಬಿದ್ದು ನಕ್ಕರು, ಶಿಳ್ಳೆ ಹೊಡೆದರು. ನನ್ನ ರಾಜನಿಗೆ ಇಷ್ಟು ವರ್ಷದಲ್ಲಿ ಒಂದು ಶಿಳ್ಳೆಯೂ ಬಿದ್ದಿಲ್ಲ. ಆದರೂ ಪಕ್ಕದ ಪರದೆಯ ಹಿಂದೆ ನಿಂತಿದ್ದ ನನಗೆ ನಗು ಬರಲಿಲ್ಲ.

ನಾಟಕ ಮುಗಿದು ಅವನು ಬಣ್ಣ ಒರೆಸಿಕೊಳ್ಳುವಾಗ ನಾಲ್ಕು ಜನ ಬಂದು, "ಬರೋ ವರ್ಸಾನೂ ಇಂಗೇ ಮಾಡು ಕಣಯ್ಯ, ಸಂದಾಗಿತ್ತು," ಅಂದರು. ಅವನು ತಲೆಯಾಡಿಸಿದ. ಅವರು ಹೋದ ಮೇಲೆ ನನ್ನ ಕಡೆ ತಿರುಗಿದ.

"ಚಿಕ್ಕಯ್ಯನ್ ಮಾತ್ಗೆ ಜನ ಒಂದ್ಸಲಾನೂ ಇಂಗೆ ನಕ್ಕಿರ್ಲಿಲ್ಲ ಕಣಣ್ಣ. ಇದ್ನ ಅವನ್ಗೆ ಏಳಿ ಒಟ್ಟೆ ಉರಿಸಾನ ಅಂದ್ರೆ, ಯಾರ್ಗೆ ಏಳ್ಲಿ?"