ಎಸ್ತೇರವ್ವನ ದೂರು
ಸಿಂದಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಎಸ್ತೇರವ್ವನಿಗೆ ಕೇಳಿದ ಸಹಾಯ ಆಗುವುದಿಲ್ಲ ಎಂದು ಯಾರಾದರೂ ಅಂದರೆ ಜಗಳವಿಲ್ಲ, ಅಳುವಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, "ಇರಲಿ ಬಿಡ್ರಿ, ಯೇಸಪ್ಪಗ ಹೇಳ್ತೇನಿ" ಅನ್ನುವುದೊಂದೇ. ಪೊಲೀಸ್ ಫೌಜದಾರನಿಗೆ ಹೇಳುತ್ತೇನೆಂದರೂ ಓಣಿ ಇಷ್ಟು ಬೆವರುತ್ತಿರಲಿಲ್ಲ. ಹೇಳುವುದೂ ಕದ್ದುಮುಚ್ಚಿ ಅಲ್ಲ. ನಸುಕಿನಲ್ಲಿ ಜೋಳದ ಹಿಟ್ಟು ನಾದಿ, ರೊಟ್ಟಿಗೊಬ್ಬರ ಹೆಸರು ಕೂಗಿ ಬಡಿಯುತ್ತ ಪ್ರಾರ್ಥನೆ ಮಾಡುತ್ತಾಳೆ. ಗೋಡೆಯಾಚೆಗೆ ಹೆಸರಷ್ಟೇ ಕೇಳುತ್ತದೆ, ಉಳಿದದ್ದು ಬಡಿತದಲ್ಲಿ ಮುಳುಗಿಹೋಗುತ್ತದೆ. ತನ್ನ ಹೆಸರಿಗೆ ಬಡಿತ ಜೋರಾಯಿತೆಂದು ಕಿರಾಣಿ ಅಂಗಡಿಯ ಚನ್ನಬಸಯ್ಯ ಒಂದು ದಿನ ಊಟವನ್ನೇ ಬಿಟ್ಟಿದ್ದ. ಲಕ್ವಾ ಹೊಡೆದು ಮಲಗಿದ ಗಂಡನನ್ನು ದವಾಖಾನೆಗೆ ಒಯ್ಯಬೇಕು, ಆಟೋದವರೆಗೆ ಎತ್ತಿಕೊಡಿರೆಂದು ಮೊನ್ನೆ ಆಕೆ ಮನೆಮನೆಗೂ ಹೋದಳು. ಚರ್ಚಿನವರೂ ನಾಳೆ ಅಂದರು. ಪಕ್ಕದ ಮನೆಯ ಇಂದೂಬಾಯಿ, "ಮೊಣಕಾಲು ಹಿಡದಾವ ನೋಡವ್ವಾ" ಅಂದು ಬಾಗಿಲು ಹಾಕಿಕೊಂಡರು. ಕೊನೆಗೆ ಗಂಡನನ್ನು ಆಕೆಯೇ ಬೆನ್ನ ಮೇಲೆ ಹೊತ್ತಳು. ಮರುದಿನ ನಸುಕಿನಲ್ಲಿ ತಮ್ಮ ಹೆಸರು ಕೇಳಿದ್ದೇ ಇಂದೂಬಾಯಿ ಗೋಡೆಗೆ ಕಿವಿ ಹಚ್ಚಿದರು. ಅಂದು ಬೆನ್ನು ಬಾಗದೆ ಎಸ್ತೇರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು. ಮಾತೆಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. "ಯೇಸಪ್ಪಾ, ಇಂದೂಬಾಯಾರ ಮ್ಯಾಲ ಸಿಟ್ಟಾಗಬ್ಯಾಡ. ಅವರಿಗೆ ಬರೂ ಮನಸ್ಸಿತ್ತು, ಮೊಣಕಾಲು ಬಿಡಲಿಲ್ಲ. ನನ್ನ ಬೆನ್ನು ಆಮ್ಯಾಲ ನೋಡು, ಮೊದಲ ಅವರ ಮೊಣಕಾಲು ನೆಟ್ಟಗ ಮಾಡು." ಗೋಡೆಯ ಈಚೆ ಇಂದೂಬಾಯಿ ನಿಂತೇ ಇದ್ದರು, ಒಂದು ದಿನವೂ ನೋಯದ ಮೊಣಕಾಲುಗಳ ಮೇಲೆ.